ಬಲ್ಲೆವೆಂಬವರಿಗೆ ಎಳೆದ ಗೆರೆ: ಕ್ರೈಸ್ತ ವಿಶ್ವಾಸದಲ್ಲಿ ದೇವರ ಅರಿವಿನ ಮಿತಿ



 ಈ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರಿಂದ ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದೇನೆ. ಕ್ರೈಸ್ತ ವಿಶ್ವಾಸದ ಪ್ರಕಾರ ಮನುಷ್ಯ ದೇವರನ್ನು ಎಷ್ಟರಮಟ್ಟಿಗೆ ತಿಳಿಯಬಲ್ಲ? ಆ ತಿಳಿವು ಎಲ್ಲಿ ನಿಲ್ಲುತ್ತದೆ? 'ಇಲ್ಲಿಂದಾಚೆ ನಿನಗೆ ದಾರಿಯಿಲ್ಲ' ಎಂಬ ಎಚ್ಚರಿಕೆಯನ್ನು ಆ ಪರಂಪರೆ ಯಾರಿಗೆ ಕೊಟ್ಟಿತು?

ಕೊನೆಯ ಪ್ರಶ್ನೆಯೇ ಇಂದಿನ ಮಾತಿನ ತಿರುಳು. ದೇವರು ಬುದ್ಧಿಗೆ ಮೀರಿದವನು ಎಂಬ ಮಾತು ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಬಳಕೆಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ಮಾತಿಗೆ ಬಲ ಬಂದ ಸಂದರ್ಭಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಬೇರೆಯೇ ಸಂಗತಿ ಕಾಣುತ್ತದೆ. ಆ ಗೆರೆ ಎಳೆದದ್ದು ಮುಖ್ಯವಾಗಿ ದೇವರ ಪರವಾಗಿ ವಕಾಲತ್ತು ವಹಿಸುವವರಿಗೆ. ಅಂದರೆ ಬೋಧಕರಿಗೆ, ಪಂಡಿತರಿಗೆ, ಸಭೆಗಳಿಗೆ. ನೊಂದವರಿಗಾಗಲಿ ಸಂಶಯಪಡುವವರಿಗಾಗಲಿ ಅಲ್ಲ. ಇದು ನನ್ನ ವಾದ.

ವ್ಯಾಪ್ತಿಯ ಬಗ್ಗೆ ಒಂದು ಮಾತು. ದೇವರು ಮಾತಿಗೆ, ಮನಸ್ಸಿಗೆ ನಿಲುಕದವನೆಂಬುದು ಉಪನಿಷತ್ತು, ವಚನಗಳನ್ನು ಕೇಳಿ ಬೆಳೆದ ಕನ್ನಡ ಕಿವಿಗೆ ಹೊಸದೇನಲ್ಲ. ಹೋಲಿಸುವ ಆಸೆ ಸಹಜ. ಇಂದು ಆ ಕೆಲಸಕ್ಕೆ ಕೈಹಾಕುವುದಿಲ್ಲ. ಎರಡು ಪರಂಪರೆಗಳನ್ನು ಹೋಲಿಸುವ ಮೊದಲು ಒಂದನ್ನಾದರೂ ಅದರ ಒಳಜಗಳಗಳ ಸಮೇತ ತಿಳಿದಿರಬೇಕು. ಆದ್ದರಿಂದ ನಾಲ್ಕು ಸಂದರ್ಭಗಳನ್ನಷ್ಟೇ ತೆಗೆದುಕೊಳ್ಳುತ್ತೇನೆ: ನಾಲ್ಕನೆಯ ಶತಮಾನದ ಕಪ್ಪದೋಕ್ಯ, ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್, ಬೈಬಲಿನ ಯೋಬನ ಗ್ರಂಥ, ಮತ್ತು ಮೊದಲ ಮಹಾಯುದ್ಧದ ಕಾಲದ ಕಾರ್ಲ್ ಬಾರ್ತ್. ಯೋಬನ ಗ್ರಂಥ ಇವೆಲ್ಲಕ್ಕಿಂತ ಹಳೆಯದಾದರೂ ಅದನ್ನು ಬೇಕೆಂದೇ ಮೂರನೆಯದಾಗಿ ಇಟ್ಟುಕೊಂಡಿದ್ದೇನೆ. ಕೊನೆಗೆ ಈ ಎಲ್ಲದರ ಮೇಲೆ ಬರಬಹುದಾದ ದೊಡ್ಡ ಆಕ್ಷೇಪವೊಂದನ್ನು ಎದುರಿಸುತ್ತೇನೆ.

ಮೊದಲನೆಯದಾಗಿ, ಕಪ್ಪದೋಕ್ಯ. ಇಂದಿನ ತುರ್ಕಿಯ ನಡುಭಾಗದ ಪ್ರಸ್ಥಭೂಮಿ ಅದು. ಅಲ್ಲಿ ಹುಟ್ಟಿದ ಯೂನೋಮಿಯಸ್ ಎಂಬ ತರ್ಕನಿಪುಣರು ದೇವರ ಸ್ವರೂಪವನ್ನು ಮನುಷ್ಯ ಸ್ಪಷ್ಟವಾಗಿಯೇ ತಿಳಿಯಬಹುದು ಎಂದು ವಾದಿಸಿದರು. ಅವರ ಪ್ರಕಾರ ಯಾರಿಂದಲೂ ಹುಟ್ಟದೆ ಇರುವುದೇ ದೇವರ ಸ್ವರೂಪ. ಮಗನು, ಅಂದರೆ ಕ್ರಿಸ್ತನು, ತಂದೆಯಿಂದ ಹುಟ್ಟಿದವನು. ಹಾಗಾದ ಮೇಲೆ ಮಗನ ಸ್ವರೂಪ ತಂದೆಯದಕ್ಕಿಂತ ಬೇರೆ, ಅವನು ತಂದೆಗೆ ಸಮನಲ್ಲ. ಮೇಲ್ನೋಟಕ್ಕೆ ಸಂದಿಲ್ಲದ ವಾದ. ದೇವರಿಗೆ ತನ್ನ ಬಗ್ಗೆ ಗೊತ್ತಿರುವಷ್ಟೇ ನಮಗೂ ಗೊತ್ತು ಎಂದು ಅವರು ಹೇಳಿಕೊಂಡರೆಂಬ ಆಪಾದನೆಯೂ ಉಂಟು. ಅದು ನಮಗೆ ತಲುಪಿರುವುದು ಎದುರಾಳಿಗಳ ಪಾಳೆಯದಿಂದ; ಆದ್ದರಿಂದ ಅದನ್ನು ಸ್ವಲ್ಪ ತಡೆದು ನಂಬುವುದು ಒಳ್ಳೆಯದು.

ಆ ಕಾಲದಲ್ಲಿ ಈ ಜಗಳ ಪಂಡಿತರ ಮನೆಗೆ ಸೀಮಿತವಾಗಿರಲಿಲ್ಲ. ಕಾನ್‌ಸ್ಟಾಂಟಿನೋಪಲಿನ ಪೇಟೆಬೀದಿಯಲ್ಲಿ ಚಿಲ್ಲರೆ ಕೇಳಿದರೆ, ರೊಟ್ಟಿಯ ಬೆಲೆ ವಿಚಾರಿಸಿದರೆ, ಸ್ನಾನಕ್ಕೆ ನೀರು ಕಾದಿದೆಯೇ ಎಂದರೆ, ಎಲ್ಲದಕ್ಕೂ ತಂದೆ ಮತ್ತು ಮಗನ ಕುರಿತ ಪ್ರವಚನವೇ ಉತ್ತರವಾಗಿ ಬರುತ್ತಿತ್ತೆಂದು ನಿಸ್ಸದ ಗ್ರೆಗರಿ 383ರ ಒಂದು ಪ್ರವಚನದಲ್ಲಿ ಗೇಲಿ ಮಾಡಿದ್ದಾರೆ. ಜನ ದೇವರ ವಿಷಯ ಮಾತಾಡುತ್ತಿದ್ದಾರೆಂದು ಅವರು ಸಂತೋಷಪಡಲಿಲ್ಲ. ಅತಿ ದೊಡ್ಡ ಸಂಗತಿ ಅತಿ ಸಲೀಸಾಗಿ ನಾಲಗೆಯ ಮೇಲೆ ಹರಿದಾಡುತ್ತಿದೆ ಎಂಬುದೇ ಅವರ ಕಳವಳ.

ಯೂನೋಮಿಯಸರಿಗೆ ಉತ್ತರ ಕೊಟ್ಟವರು ಮೂವರು: ಕೈಸರೈಯದ ಬಾಸಿಲ್, ಅವರ ತಮ್ಮ ನಿಸ್ಸದ ಗ್ರೆಗರಿ, ಅವರ ಗೆಳೆಯ ನಾಜಿಯಾಂಜಸಿನ ಗ್ರೆಗರಿ. ದೇವರ ಸ್ವರೂಪ ಬೇರೆ, ದೇವರ ಕ್ರಿಯೆಗಳು ಬೇರೆ ಎಂದು ಬಾಸಿಲ್ ವಿಂಗಡಿಸಿದರು. ಸೃಷ್ಟಿ, ಪಾಲನೆ, ಕರುಣೆ, ನ್ಯಾಯತೀರ್ಪು, ಇವು ನಮ್ಮವರೆಗೂ ಬರುತ್ತವೆ. ಇವುಗಳಿಂದ ನಾವು ದೇವರನ್ನು ನಿಜವಾಗಿಯೂ ಅರಿಯುತ್ತೇವೆ. ಆತನ ಸ್ವರೂಪ ಮಾತ್ರ ನಮ್ಮ ಹಿಡಿತಕ್ಕೆ ಬರುವಂಥದ್ದಲ್ಲ. ಬಾಸಿಲರ ಪತ್ರಗಳಲ್ಲಿ ಸೇರಿಹೋಗಿರುವ, ಆದರೆ ನಿಸ್ಸದ ಗ್ರೆಗರಿಯವರದೆಂದು ವಿದ್ವಾಂಸರು ಗುರುತಿಸಿರುವ ಒಂದು ಬರಹದಲ್ಲಿ ಸವಾಲೊಂದಿದೆ. ದೇವರ ಸ್ವರೂಪ ಗೊತ್ತೆನ್ನುವವರು ಮೊದಲು ಒಂದು ಇರುವೆಯ ಸ್ವರೂಪವನ್ನು ವಿವರಿಸಲಿ; ಅದು ಉಸಿರಾಡುವುದು ಹೇಗೆ, ಅದರ ಮೈಯಲ್ಲಿ ಮೂಳೆಯಿದೆಯೇ ಎಂದು ತಿಳಿಸಲಿ. ಕಾಲಡಿಯ ಹುಳದ ಮುಂದೆ ಸೋಲುವ ಬುದ್ಧಿ ದೇವರನ್ನು ಅಳೆದು ಮುಗಿಸಿದೆನೆಂದು ಹೇಳುವುದು ಹೇಗೆ ಎಂಬುದು ಅದರ ಧಾಟಿ.

ನಾಜಿಯಾಂಜಸಿನ ಗ್ರೆಗರಿ 380ರಲ್ಲಿ ಕಾನ್‌ಸ್ಟಾಂಟಿನೋಪಲಿನ ಅನಸ್ತಾಸಿಯ ಎಂಬ ಪುಟ್ಟ ಪ್ರಾರ್ಥನಾಲಯದಲ್ಲಿ ಐದು ಉಪನ್ಯಾಸಗಳನ್ನು ಕೊಟ್ಟರು. ನಗರದ ದೊಡ್ಡ ಚರ್ಚುಗಳೆಲ್ಲ ಆಗ ಎದುರು ಪಕ್ಷದವರ ಕೈಯಲ್ಲಿದ್ದವು. ಮೊದಲ ಉಪನ್ಯಾಸದಲ್ಲೇ ಅವರು ದೇವರ ಬಗ್ಗೆ ವಾದಿಸುವುದು ಎಲ್ಲರ ಕೆಲಸವಲ್ಲ, ಎಲ್ಲ ಹೊತ್ತಿನ ಕೆಲಸವೂ ಅಲ್ಲ ಎಂದು ಹೇಳಿ, ವಾದಿಸುವವರು ಮೊದಲು ತಮ್ಮ ನಡತೆಯನ್ನು ಶುದ್ಧಮಾಡಿಕೊಳ್ಳಲಿ ಎಂದು ಕೇಳಿದರು. ಈ ಷರತ್ತು ಬಿದ್ದದ್ದು ವಾದಿಗಳ ಮೇಲೆ. ಪ್ರಾರ್ಥಿಸುವವರ ಮೇಲೆ ಅಲ್ಲ.

ವಿಮೋಚನಕಾಂಡದ 33ನೆಯ ಅಧ್ಯಾಯದಲ್ಲಿ ಮೋಶೆ ದೇವರ ಮಹಿಮೆಯನ್ನು ತೋರಿಸೆಂದು ಬೇಡುತ್ತಾನೆ. ಬಂಡೆಯ ಸಂದಿನಲ್ಲಿ ನಿಂತ ಅವನಿಗೆ ಕಾಣುವುದು ಹಿಂಭಾಗ ಮಾತ್ರ, ಮುಖವಲ್ಲ. ನಿಸ್ಸದ ಗ್ರೆಗರಿ ಇದನ್ನು ವಿವರಿಸುವ ರೀತಿ ಸೊಗಸಾಗಿದೆ. ದಾರಿ ತೋರಿಸುವವನು ಮುಂದೆ ನಡೆಯುತ್ತಾನೆ, ಹಿಂಬಾಲಿಸುವವನಿಗೆ ಕಾಣುವುದು ಬೆನ್ನೇ. ಮುಖ ಎದುರಿಗೆ ಬಂತೆಂದರೆ ನಾವು ವಿರುದ್ಧ ದಿಕ್ಕಿಗೆ ಹೊರಟಿದ್ದೇವೆ ಎಂದರ್ಥ. ಇಲ್ಲಿ ದೇವರನ್ನು ಅರಿಯುವುದೆಂದರೆ ಅವನ ಹಿಂದೆ ನಡೆಯುವುದು. ಬಾಸಿಲರ ಬದುಕಿನಲ್ಲೂ ಇದನ್ನು ನೋಡಬಹುದು. 369ರ ಸುಮಾರಿಗೆ ಕಪ್ಪದೋಕ್ಯವನ್ನು ಭೀಕರ ಬರ ಕಾಡಿದಾಗ ಧಾನ್ಯ ಬಚ್ಚಿಟ್ಟ ಶ್ರೀಮಂತರನ್ನು ಅವರು ಪ್ರವಚನಗಳಲ್ಲಿ ಹೆಸರೆತ್ತದೆ ಝಾಡಿಸಿದರು, ಹಸಿದವರಿಗೆ ಊಟದ ವ್ಯವಸ್ಥೆ ಮಾಡಿದರು; ಮುಂದೆ ಕೈಸರೈಯದ ಹೊರವಲಯದಲ್ಲಿ ರೋಗಿಗಳಿಗೂ ಬಡವರಿಗೂ ಆಶ್ರಯತಾಣ ಕಟ್ಟಿಸಿದರು. ದೇವರ ಸ್ವರೂಪ ತಿಳಿಯದು ಎಂದವರಿಗೆ ದೇವರು ತಮ್ಮಿಂದ ಏನು ಬಯಸುತ್ತಾನೆಂಬುದರಲ್ಲಿ ಸಂಶಯವಿರಲಿಲ್ಲ.

ಈಗ ಎರಡನೆಯ ಸಂದರ್ಭಕ್ಕೆ ಬರೋಣ. ಸ್ವರೂಪ ತಿಳಿಯದಿದ್ದರೆ ದೇವರ ಬಗ್ಗೆ ಮಾತಾಡುವುದಾದರೂ ಹೇಗೆ? ಈ ಪ್ರಶ್ನೆಯನ್ನು ಎಲ್ಲರಿಗಿಂತ ಕ್ರಮಬದ್ಧವಾಗಿ ಬಿಡಿಸಿದವರು ಅಕ್ವಿನಾಸ್. ಅವರಿಗಿಂತ ಮುಂಚೆಯೇ, 1215ರಲ್ಲಿ, ರೋಮಿನ ನಾಲ್ಕನೆಯ ಲ್ಯಾಟರನ್ ಮಹಾಸಭೆ ಒಂದು ಸೂತ್ರವನ್ನು ಕೊಟ್ಟಿತ್ತು. ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವೆ ಎಷ್ಟೇ ಸಾಮ್ಯ ಗುರುತಿಸಿದರೂ ಅದಕ್ಕಿಂತ ದೊಡ್ಡ ಭೇದ ಅಲ್ಲಿ ಇದ್ದೇ ಇರುತ್ತದೆ ಎಂಬುದು ಅದರ ಸಾರ. ಗಮನಿಸಿ, ಇದು ಯಾರೋ ಏಕಾಂತವಾಸಿ ಅನುಭಾವಿಯ ಉದ್ಗಾರವಲ್ಲ. ಧರ್ಮಾಧ್ಯಕ್ಷರು ಕೂಡಿ ಹೊರಡಿಸಿದ ಅಧಿಕೃತ ನಿರ್ಣಯ.

ಅಕ್ವಿನಾಸರ ಮಹಾಗ್ರಂಥ 'ಸುಮ್ಮಾ ಥಿಯೊಲಾಜಿಯೆ'ಯ ಎರಡನೆಯ ಪ್ರಶ್ನೆಯಲ್ಲಿ ದೇವರಿದ್ದಾನೆ ಎನ್ನಲು ಪ್ರಸಿದ್ಧವಾದ ಐದು ದಾರಿಗಳಿವೆ. ಅನೇಕರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಒಂದು ಪುಟ ತಿರುಗಿಸಿ ಮೂರನೆಯ ಪ್ರಶ್ನೆಯ ಪೀಠಿಕೆಯನ್ನು ಓದಿದರೆ, ದೇವರು ಏನೆಂದು ನಾವು ತಿಳಿಯಲಾರೆವು, ಏನಲ್ಲವೆಂದಷ್ಟೇ ತಿಳಿಯಬಲ್ಲೆವು ಎಂದು ಅವರೇ ಹೇಳಿರುವುದು ಸಿಗುತ್ತದೆ. ಅದರಂತೆಯೇ ಒಂದೊಂದನ್ನೂ ಕಳೆಯುತ್ತ ಹೋಗುತ್ತಾರೆ. ದೇವರಿಗೆ ದೇಹವಿಲ್ಲ, ಭಾಗಗಳಿಲ್ಲ, ಬದಲಾವಣೆಯಿಲ್ಲ, ಕಾಲದ ಅಳತೆಯಿಲ್ಲ.

ಹಾಗೆಂದು ಕಳೆಯುವುದರಲ್ಲೇ ಅವರು ನಿಲ್ಲುವುದಿಲ್ಲ. 'ದೇವರು ಒಳ್ಳೆಯವನು' ಎಂಬ ಮಾತನ್ನು ತೆಗೆದುಕೊಳ್ಳಿ. ನೆರೆಮನೆಯವರು ಒಳ್ಳೆಯವರು ಎನ್ನುವಾಗ ಇರುವ ಅರ್ಥವೇ ಇಲ್ಲೂ ಇದೆ ಎಂದರೆ ದೇವರು ದೊಡ್ಡ ಗಾತ್ರದ ಮನುಷ್ಯನಾಗಿಬಿಡುತ್ತಾನೆ. ಆ ಅರ್ಥಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆಂದರೆ ಮಾತು ಖಾಲಿ ಸದ್ದಾಗುತ್ತದೆ. ಇವೆರಡರ ನಡುವೆ ಅಕ್ವಿನಾಸ್ ಸಾದೃಶ್ಯದ ದಾರಿ ಹಿಡಿದರು. ಮನುಷ್ಯರ ಒಳ್ಳೆಯತನಕ್ಕೆ ಮೂಲ ದೇವರಲ್ಲಿದೆ, ಆದ್ದರಿಂದ ಆ ಪದ ಸುಳ್ಳಲ್ಲ. ಆ ಮೂಲದಲ್ಲಿ ಅದು ಯಾವ ಬಗೆಯಲ್ಲಿದೆಯೆಂದು ನಾವು ಕಂಡಿಲ್ಲ, ಆದ್ದರಿಂದ ಆ ಪದ ಪೂರ್ತಿಯೂ ಅಲ್ಲ.

ಇದೇ ಅಕ್ವಿನಾಸ್ 1273ರ ಡಿಸೆಂಬರ್ 6ರಂದು, ಸಂತ ನಿಕೊಲಾಸರ ಹಬ್ಬದ ದಿನ, ನೇಪಲ್ಸಿನಲ್ಲಿ ಬಲಿಪೂಜೆ ಅರ್ಪಿಸಿದ ಮೇಲೆ ಬರೆಯುವುದನ್ನು ನಿಲ್ಲಿಸಿಬಿಟ್ಟರು. ಲಿಪಿಕಾರರಿಗೆ ಹೇಳಿ ಬರೆಸುವುದೂ ನಿಂತಿತು. ಜೊತೆಗಾರ ರೆಜಿನಾಲ್ಡ್ ಮುಂದುವರಿಸಿರೆಂದು ಬೇಡಿದಾಗ, ತಾವು ಕಂಡದ್ದರ ಮುಂದೆ ತಾವು ಬರೆದದ್ದೆಲ್ಲ ಒಣಹುಲ್ಲಿನಂತೆ ತೋರುತ್ತಿದೆ ಎಂದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಮಾರನೆಯ ವರ್ಷ ಮಾರ್ಚ್ 7ರಂದು ಅವರು ತೀರಿಕೊಂಡರು. ಗ್ರಂಥ ಅಪೂರ್ಣವಾಗಿಯೇ ಉಳಿಯಿತು. ಈ ಪ್ರಸಂಗವನ್ನು ಬುದ್ಧಿಯ ಸೋಲೆಂದು ವರ್ಣಿಸುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಬರೆದ ಒಂದು ಸಾಲನ್ನೂ ಅವರು ಹಿಂತೆಗೆದುಕೊಳ್ಳಲಿಲ್ಲ, ಸುಡಿರೆಂದು ಹೇಳಲಿಲ್ಲ. ಮೂರನೆಯ ಪ್ರಶ್ನೆಯ ಪೀಠಿಕೆಯಲ್ಲಿ ಬರೆದಿದ್ದ ಮಾತೇ ಕೊನೆಗೆ ಬರೆದವರ ಅನುಭವವಾಯಿತು, ಅಷ್ಟೆ. ತಿಳಿಯದು ಎಂದು ಹೇಳುವ ಅಧಿಕಾರ ಅವರಿಗೆ ಬಂದದ್ದು ತಿಳಿಯಲು ಜೀವಮಾನವಿಡೀ ದುಡಿದದ್ದರಿಂದ. ಸೋಮಾರಿ ಅಜ್ಞಾನಕ್ಕೂ ಈ ಅಜ್ಞಾನಕ್ಕೂ ಇರುವ ಅಂತರ ಇದೇ.

ಇಲ್ಲಿಯವರೆಗೆ ಪಂಡಿತರ ಮಾತಾಯಿತು. ಮೂರನೆಯದಾಗಿ, ಬೂದಿಯ ಮೇಲೆ ಕುಳಿತವನ ಕಡೆಗೆ ತಿರುಗೋಣ. ಮಿತಿಯ ಪ್ರಶ್ನೆ ಅತ್ಯಂತ ತೀಕ್ಷ್ಣವಾಗುವುದು ನೋವಿನ ಎದುರಿನಲ್ಲಿ. ಯೋಬನನ್ನು ಮೂರನೆಯದಾಗಿ ಇಟ್ಟುಕೊಂಡದ್ದು ಅದಕ್ಕೇ.

ಊಚ್ ದೇಶದ ಯೋಬನ ಕಥೆ ನಿಮಗೆ ಗೊತ್ತಿದೆ. ದನಕರು, ಆಳುಕಾಳು, ಹತ್ತು ಮಕ್ಕಳು, ಕೊನೆಗೆ ಆರೋಗ್ಯ, ಎಲ್ಲವನ್ನೂ ಕಳೆದುಕೊಂಡ ನೀತಿವಂತ ಅವನು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ನೋಡಲು ಬರುತ್ತಾರೆ. ಏಳು ದಿನ ಏಳು ರಾತ್ರಿ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕೂರುತ್ತಾರೆ. ಆಮೇಲೆ ಬಾಯಿ ತೆರೆಯುತ್ತಾರೆ. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ದೇವರು ನ್ಯಾಯವಂತ, ಪಾಪಕ್ಕೆ ಶಿಕ್ಷೆಯುಂಟು, ಪಶ್ಚಾತ್ತಾಪಕ್ಕೆ ಕ್ಷಮೆಯುಂಟು. ಇವೆಲ್ಲ ಎಲ್ಲ ಪ್ರವಚನಗಳಲ್ಲೂ ಕೇಳಿಬರುವ ಮಾತುಗಳೇ. ದೇವರ ಆಳವನ್ನು ನೀನು ಅಳೆಯಬಲ್ಲೆಯಾ ಎಂದು ಚೋಫರ ಹನ್ನೊಂದನೆಯ ಅಧ್ಯಾಯದಲ್ಲಿ ಯೋಬನನ್ನು ಗದರಿಸುತ್ತಾನೆ ಕೂಡ. ಅಂದರೆ ಮಿತಿಯ ಸಿದ್ಧಾಂತವನ್ನು ಈ ಗ್ರಂಥದಲ್ಲಿ ನೊಂದವನ ಮೇಲೆ ಬೀಸಿದವನು ಗೆಳೆಯನೇ. ದೇವರು ಅಳತೆಗೆ ಮೀರಿದವನು ಎನ್ನುತ್ತಲೇ, ಯೋಬನ ಪಾಪಕ್ಕಿಂತ ಕಡಿಮೆ ಶಿಕ್ಷೆ ಸಿಕ್ಕಿದೆ ಎಂಬ ಲೆಕ್ಕವನ್ನೂ ಅವನು ಕೊಡುತ್ತಾನೆ.

38ನೆಯ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ. ಯೋಬ ಕೇಳಿದ 'ಏಕೆ' ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ಬದಲಿಗೆ ಲೋಕದರ್ಶನವಿದೆ: ಬಂಡೆಯ ಮೇಲೆ ಈಯುವ ಕಾಡುಮೇಕೆ, ಮೊಟ್ಟೆಯನ್ನು ಮರಳಲ್ಲಿ ಬಿಟ್ಟುಹೋಗುವ ಉಷ್ಟ್ರಪಕ್ಷಿ, ಮನುಷ್ಯರೇ ಇಲ್ಲದ ಬೆಂಗಾಡಿನಲ್ಲಿ ಸುರಿಯುವ ಮಳೆ. ಆ ಮಳೆಯ ಮಾತು ಮುಖ್ಯ. ಯಾರ ಪುಣ್ಯಕ್ಕೂ ಬಹುಮಾನವಲ್ಲದ, ಯಾರ ಪಾಪಕ್ಕೂ ದಂಡನೆಯಲ್ಲದ ಮಳೆ ಅದು. ಗೆಳೆಯರ ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಯೋಬನೂ ಇಲ್ಲಿ ತಗ್ಗುತ್ತಾನೆ, ನಿಜ. ತನಗೆ ಎಟುಕದ ಸಂಗತಿಗಳನ್ನು ಆಡಿದೆನೆಂದು ಒಪ್ಪಿಕೊಳ್ಳುತ್ತಾನೆ. ಆದರೆ ದೇವರ ಕೋಪ ಹೊರಳುವುದು ಗೆಳೆಯರ ಮೇಲೆ. 42ನೆಯ ಅಧ್ಯಾಯದ ಏಳನೆಯ ವಚನದಲ್ಲಿ ಎಲೀಫಜನಿಗೆ ಸಿಗುವ ತೀರ್ಪು ಸ್ಪಷ್ಟವಾಗಿದೆ: ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ. ದೂರಿದವನು, ಜನ್ಮದಿನವನ್ನೇ ಶಪಿಸಿದವನು, ನ್ಯಾಯಕ್ಕೆ ದೇವರನ್ನೇ ಕಟಕಟೆಗೆ ಕರೆದವನು ಸರಿ. ದೇವರನ್ನು ಸಮರ್ಥಿಸಿಕೊಂಡವರು ತಪ್ಪು. ಯೋಬ ದೇವರೊಂದಿಗೆ ಮಾತಾಡಿದ. ಗೆಳೆಯರು ದೇವರ ಪರವಾಗಿ ಮಾತಾಡಿದರು.

ನಮ್ಮ ಸಭೆಗಳಲ್ಲಿ ಸಾವಿನ ಮನೆಗೆ ಹೋದವರು 'ದೇವರ ಚಿತ್ತ, ನಮಗೇನು ಗೊತ್ತು' ಎನ್ನುವುದುಂಟು. ಹೇಳುವವರ ಮನಸ್ಸು ಒಳ್ಳೆಯದೇ. ಬೇರೆ ಮಾತು ತೋಚದೆ ಬರುವ ಮಾತು ಅದು. ಆದರೂ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಏನೂ ಗೊತ್ತಿಲ್ಲ ಎನ್ನುವ ಬಾಯಿಯೇ ಈ ಸಾವು ದೇವರ ಚಿತ್ತವೆಂದು ಅದೇ ಉಸಿರಿನಲ್ಲಿ ತೀರ್ಪು ಕೊಟ್ಟಿರುತ್ತದೆ. ಎಳೆಯ ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ ಕೇಳಿಸುವುದು ಆ ತೀರ್ಪು ಮಾತ್ರ. ಚೋಫರ ಮಾಡಿದ್ದೂ ಇದನ್ನೇ.

ನಾಲ್ಕನೆಯದಾಗಿ, ಪಾಠ ಹೇಳಿದ ಗುರುಗಳೇ ಗೆರೆ ದಾಟಿದ ಪ್ರಸಂಗ. ಮಂಗಳೂರಿಗೆ 1834ರಲ್ಲಿ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ನಗರದ ಹೆಸರು ಕರಾವಳಿಯ ಕನ್ನಡಿಗರಿಗೆ ಹೊಸದಲ್ಲ. ಅದೇ ಬಾಸೆಲಿನಲ್ಲಿ 1886ರಲ್ಲಿ ಹುಟ್ಟಿದವರು ಕಾರ್ಲ್ ಬಾರ್ತ್. ಜರ್ಮನಿಯ ಹೆಸರಾಂತ ಪ್ರಾಧ್ಯಾಪಕರ ಬಳಿ ಕಲಿತು, 1911ರಿಂದ ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಸಭಾಪಾಲಕರಾದರು. 1914ರ ಅಕ್ಟೋಬರಿನಲ್ಲಿ ಜರ್ಮನಿಯ 93 ಮಂದಿ ಬುದ್ಧಿಜೀವಿಗಳು ತಮ್ಮ ದೇಶದ ಯುದ್ಧವನ್ನು ಸಮರ್ಥಿಸಿ ಹೊರಡಿಸಿದ ಹೇಳಿಕೆಗೆ ಬಾರ್ತರ ಗುರುಗಳಾದ ಹಾರ್ನಾಕ್ ಮತ್ತು ಹೆರ್ಮನ್ ಸಹಿ ಹಾಕಿದ್ದರು. 'ದೇವರು ನಮ್ಮೊಂದಿಗಿದ್ದಾನೆ' ಎಂಬ ಬರಹ ಪ್ರಷ್ಯನ್ ಸೈನಿಕರ ಸೊಂಟಪಟ್ಟಿಯ ಬಕಲ್ಲಿನ ಮೇಲೇ ಅಚ್ಚಾಗಿತ್ತು. ಗುರುಗಳ ದೇವಶಾಸ್ತ್ರ ಆ ಬಕಲ್ಲಿಗೆ ಒಂದು ಪ್ರಶ್ನೆಯನ್ನೂ ಹಾಕಲಾರದೆ ಹೋಯಿತೆಂಬುದು ಶಿಷ್ಯನನ್ನು ಅಲುಗಾಡಿಸಿತು.

ಎಲ್ಲಿ ದಾರಿ ತಪ್ಪಿತು? ಬಾರ್ತರ ಉತ್ತರ ಹೀಗಿತ್ತು: ಮನುಷ್ಯರ ಸಂಸ್ಕೃತಿ, ಅನುಭವ, ಇತಿಹಾಸಗಳನ್ನು ಎತ್ತರದ ದನಿಯಲ್ಲಿ ಹೇಳಿ ಅದನ್ನೇ ದೇವರ ಮಾತೆಂದುಕೊಂಡೆವು. ರೋಮಾಪುರದವರಿಗೆ ಪೌಲ ಬರೆದ ಪತ್ರಕ್ಕೆ ಅವರು ಬರೆದ ವ್ಯಾಖ್ಯಾನದ, ಅದರಲ್ಲೂ 1922ರ ಎರಡನೆಯ ಆವೃತ್ತಿಯ, ತುಂಬ ಇರುವುದು ದೇವರಿಗೂ ಮನುಷ್ಯನಿಗೂ ನಡುವಿನ ಅಂತರವೇ. ಅದೇ ವರ್ಷದ ಒಂದು ಉಪನ್ಯಾಸದಲ್ಲಿ ಅವರು ಬೋಧಕನ ಇಕ್ಕಟ್ಟನ್ನು ಬಿಡಿಸಿಟ್ಟರು. ದೇವರ ಬಗ್ಗೆ ಮಾತಾಡುವುದು ಬೋಧಕನ ಕರ್ತವ್ಯ; ಮನುಷ್ಯನಾದ್ದರಿಂದ ಅದು ಅವನಿಂದಾಗದು; ಎರಡನ್ನೂ ಅರಿತು ನಡೆಯುವುದೇ ದೇವರಿಗೆ ಸಲ್ಲಿಸುವ ಗೌರವ.

ಇದು ಬರಿಯ ವಿನಯವಾಗಿ ಉಳಿಯಲಿಲ್ಲ. 1934ರ ಮೇ ತಿಂಗಳಲ್ಲಿ, ಹಿಟ್ಲರನ ಆಡಳಿತಕ್ಕೆ ಜೋತುಬಿದ್ದ ಕ್ರೈಸ್ತ ಗುಂಪನ್ನು ವಿರೋಧಿಸಿ ಬಾರ್ಮೆನ್ ಘೋಷಣೆ ಹೊರಬಂತು. ಅದರ ಕರಡು ಬಹುಪಾಲು ಬಾರ್ತರದೇ. ಕ್ರಿಸ್ತನ ಹೊರತು ಬೇರೆ ಘಟನೆಗಳನ್ನು, ಶಕ್ತಿಗಳನ್ನು, ವ್ಯಕ್ತಿಗಳನ್ನು ದೈವಪ್ರಕಟನೆಯೆಂದು ಸಭೆ ಒಪ್ಪಲಾಗದು ಎಂದು ಅದು ನಿರಾಕರಿಸಿತು. ದೇವರನ್ನು ನಾವು ಕೈವಶ ಮಾಡಿಕೊಳ್ಳಲಾರೆವು ಎಂಬ ತತ್ತ್ವ ಇಲ್ಲಿ ಸರ್ವಾಧಿಕಾರದ ಎದುರು ನಿಲ್ಲುವ ನೆಲವಾಯಿತು. ಪೂರ್ತಿಯಾಗಿ ಅಲ್ಲ ಎಂಬುದನ್ನೂ ಹೇಳಬೇಕು. ಯೆಹೂದ್ಯರ ಮೇಲಿನ ಹಿಂಸೆಯ ಬಗ್ಗೆ ಆ ಘೋಷಣೆ ಮೌನವಾಗಿತ್ತು. ಬಹಳ ವರ್ಷಗಳ ಮೇಲೆ ಬಾರ್ತ್ ಅದನ್ನು ತಮ್ಮ ಲೋಪವೆಂದೇ ಒಪ್ಪಿಕೊಂಡರು.

ಇನ್ನು ಆಕ್ಷೇಪ. 1779ರಲ್ಲಿ, ಲೇಖಕರು ತೀರಿಕೊಂಡ ಮೂರು ವರ್ಷಗಳ ಮೇಲೆ ಪ್ರಕಟವಾದ ಡೇವಿಡ್ ಹ್ಯೂಮರ ಸಂವಾದಗ್ರಂಥದಲ್ಲಿ ಕ್ಲಿಯಾಂಥಿಸ್ ಎಂಬ ಪಾತ್ರ ಒಂದು ಪ್ರಶ್ನೆ ಎತ್ತುತ್ತದೆ. ದೇವರು ಏನೆಂದೇ ತಿಳಿಯದು ಎನ್ನುವ ಭಕ್ತನಿಗೂ, ಜಗತ್ತಿನ ಮೂಲ ಏನೆಂದೇ ತಿಳಿಯದು ಎನ್ನುವ ನಾಸ್ತಿಕನಿಗೂ ಏನು ವ್ಯತ್ಯಾಸ? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಲ್ಲವನ್ನೂ ನಿರಾಕರಿಸುತ್ತ ಹೋದರೆ ಕೊನೆಗೆ ಪೂಜಿಸಲು ಏನು ಉಳಿಯುತ್ತದೆ?

ಕ್ರೈಸ್ತ ವಿಶ್ವಾಸದ ಉತ್ತರ ಒಬ್ಬ ವ್ಯಕ್ತಿಯ ಕಡೆಗೆ ಕೈತೋರಿಸುತ್ತದೆ. ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯದ 18ನೆಯ ವಚನ ದೇವರನ್ನು ಯಾರೂ ಎಂದೂ ಕಂಡಿಲ್ಲವೆಂದು ಮಿತಿಯನ್ನು ಒಪ್ಪಿ, ಮಗನೇ ಆತನನ್ನು ತಿಳಿಯಪಡಿಸಿದನೆಂದು ಮುಂದುವರಿಯುತ್ತದೆ. ಹಾಗಾದರೆ ಕ್ರಿಸ್ತ ಬಂದ ಮೇಲೆ ಮಿತಿ ಮುಗಿಯಿತೇ? ಇಲ್ಲವೆಂದು 1518ರಲ್ಲಿ ಹೈಡೆಲ್‌ಬರ್ಗಿನ ವಾದಸಭೆಯಲ್ಲಿ ಮಾರ್ಟಿನ್ ಲೂಥರ್ ತೋರಿಸಿದರು. ದೇವರು ತನ್ನನ್ನು ತೋರಿಸಿಕೊಂಡದ್ದು ಶಿಲುಬೆಯಲ್ಲಿ, ಅಂದರೆ ದೇವರನ್ನು ಯಾರೂ ಹುಡುಕದ ಜಾಗದಲ್ಲಿ. ವೈಭವದಲ್ಲಿ, ಬಲದಲ್ಲಿ ಹುಡುಕುವವರಿಗೆ ಆತ ಅಲ್ಲೂ ಮರೆಯಾಗಿಯೇ ಇರುತ್ತಾನೆ. ಸಿಕ್ಕಿಬಿದ್ದು ಕೊಲೆಯಾದವನಲ್ಲಿ ಕಂಡ ದೇವರನ್ನು ಗೆದ್ದವರ ಬಾವುಟಕ್ಕೆ ಕಟ್ಟಲಾಗದು. ನಂಬುವವನಿಗೂ ನಂಬದವನಿಗೂ ದೇವರ ಸ್ವರೂಪ ತಿಳಿಯದಿರಬಹುದು. ನಂಬುವವನಿಗೆ ಆ ದೇವರ ನಡೆ ಗೊತ್ತು, ಅದರಿಂದ ತಾನು ನಡೆಯಬೇಕಾದ ದಿಕ್ಕೂ ಗೊತ್ತು. ಹ್ಯೂಮರಿಗೆ ಈ ಉತ್ತರ ಪೂರ್ತಿ ಒಪ್ಪಿಗೆಯಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಅವರು ಕೇಳಿದ್ದು ತರ್ಕದಿಂದ ದೊರೆಯುವ ಆಧಾರ. ಇಲ್ಲಿರುವುದು ಸಾಕ್ಷಿಯ ಮೇಲೆ ಇಟ್ಟ ಭರವಸೆ. ಆ ಅಂತರವನ್ನು ಮುಚ್ಚಿಡುವುದಕ್ಕಿಂತ ಒಪ್ಪಿಕೊಳ್ಳುವುದೇ ಈ ವಿಷಯಕ್ಕೆ ತಕ್ಕ ಪ್ರಾಮಾಣಿಕತೆ.

ಮುಗಿಸುವ ಮುನ್ನ ಇಲ್ಲಿರುವ ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ಮಾತು. ನಾಳೆ ನಿಮ್ಮಲ್ಲಿ ಅನೇಕರು ಪ್ರಸಂಗಪೀಠ ಏರುವವರು. ಚುನಾವಣೆಯ ಫಲಿತಾಂಶ, ನೆರೆ, ರೋಗ, ಒಬ್ಬರ ಏಳಿಗೆ, ಇನ್ನೊಬ್ಬರ ಪತನ, ಇವೆಲ್ಲದರಲ್ಲೂ ದೇವರ ಉದ್ದೇಶವನ್ನು ಓದಿ ಹೇಳಿರೆಂದು ಜನ ಕೇಳುತ್ತಾರೆ. ಹೇಳಿದರೆ ಮೆಚ್ಚುತ್ತಾರೆ ಕೂಡ. ಆಗ ನಿಮ್ಮ ವಾಕ್ಯವನ್ನು ಎರಡು ರೀತಿಯಲ್ಲಿ ಪರೀಕ್ಷಿಸಿಕೊಳ್ಳಿ. ಈ ಮಾತಿನಿಂದ ಲಾಭ ಯಾರಿಗೆ? ನನಗೋ, ನನ್ನ ಸಭೆಗೋ, ನನ್ನ ಪಕ್ಷಕ್ಕೋ ಆದರೆ ಅದು ದೇವರ ಮಾತೆಂಬುದರ ಬಗ್ಗೆ ಇನ್ನಷ್ಟು ಸಂಶಯವಿರಲಿ. ಎರಡನೆಯದಾಗಿ, ನೋವಿನಲ್ಲಿರುವವರ ಮುಖ ನೋಡಿ ಇದನ್ನು ಹೇಳಬಲ್ಲೆನೇ? ಹೇಳಲಾರೆನಾದರೆ ಪೀಠದ ಮೇಲಿಂದಲೂ ಹೇಳಬೇಡಿ. ಪ್ರಶ್ನೆ ಕೇಳುವ ಹಕ್ಕನ್ನು ಸಭೆಯವರಿಗೆ ಬಿಟ್ಟುಕೊಡಿ. ಯೋಬನಿಗೆ ಆ ಹಕ್ಕನ್ನು ದೇವರೇ ಕೊಟ್ಟಿದ್ದಾನೆ. ಮಿತಿಯ ಪಾಠವನ್ನು ಇತರರಿಗೆ ಹೇಳುವ ಮೊದಲು ನಮಗೆ ನಾವೇ ಹೇಳಿಕೊಂಡರೆ, ಹದಿನಾರು ಶತಮಾನಗಳ ಹಿಂದೆ ಅನಸ್ತಾಸಿಯದಲ್ಲಿ ಹಾಕಿದ ಷರತ್ತನ್ನು ಪಾಲಿಸಿದಂತಾಗುತ್ತದೆ.